ಗರ್ಭಕೋಶ ತೆಗೆಸುವಾಗ ಯಾವ ದಾರಿ? ನೀವೂ ಹೇಳಿ

‘ಗರ್ಭಕೋಶ ತೆಗೆಸಬೇಕು’ ಎಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ಮಾತೆಲ್ಲ ಯಾವ ಆಸ್ಪತ್ರೆ, ಯಾವಾಗ, ಎಷ್ಟು ಖರ್ಚು ಎಂಬುದರ ಸುತ್ತಲೇ. ಹೇಗೆ ತೆಗೆಯುತ್ತಾರೆ ಎಂದು ಕೇಳುವವರು ಕಡಿಮೆ. ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ನೋಡಿಕೊಳ್ಳುವುದು ನಿಜ. ಆದರೆ ನಿಮಗೆ ಎಷ್ಟು ದಿನ ರಜೆ ಸಿಗುತ್ತದೆ, ಮನೆಗೆ ನೀರು ಹೊರುವವರು ಯಾರು ಎಂಬುದು ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಇರುವುದಿಲ್ಲ.

ಮೊದಲು: ತೆಗೆಸಲೇಬೇಕೆ?

ಅತಿಸ್ರಾವಕ್ಕೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ. ಎಷ್ಟೋ ಸಲ ಫೈಬ್ರಾಯ್ಡ್ ಗಡ್ಡೆಯನ್ನಷ್ಟೇ ತೆಗೆದರೆ ಸಾಕು. ಬರೀ ಬಿಳಿಸೆರಗಿಗೆ ಗರ್ಭಕೋಶ ತೆಗೆಸುವುದು ಚಿಕಿತ್ಸೆಯೇ ಅಲ್ಲ. ಅನಗತ್ಯ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು; ರಾಜ್ಯಗಳು ಅದನ್ನು ಅಳವಡಿಸಿಕೊಳ್ಳಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮಗಿನ್ನೂ ನಲವತ್ತು ದಾಟಿಲ್ಲವೆಂದರೆ ಇನ್ನೊಬ್ಬ ವೈದ್ಯರನ್ನೂ ಕಾಣಿ.

ನಂತರ: ಇರುವ ದಾರಿಗಳನ್ನು ತಿಳಿಯಿರಿ

ಹೊಟ್ಟೆ ಕೊಯ್ದು ಮಾಡುವುದು ಹಳೆಯ ಕ್ರಮ. ಗಡ್ಡೆ ತೀರಾ ದೊಡ್ಡದಿದ್ದರೆ, ಒಳಗಿನ ಅಂಗಗಳು ಒಂದಕ್ಕೊಂದು ಹೆಚ್ಚು ಅಂಟಿಕೊಂಡಿದ್ದರೆ ಇದೇ ಸುರಕ್ಷಿತವಾಗಬಹುದು. ಚೇತರಿಕೆಗೆ ಆರು ವಾರವಾದರೂ ಬೇಕು. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ತೂತುಗಳಿಂದ ಕೆಲಸ ಮಾಡುತ್ತಾರೆ. ನೋವು ಕಡಿಮೆ, ಮನೆಗೆ ಬೇಗ ಹೋಗಬಹುದು. ಆದರೆ ಹೊಟ್ಟೆ ಕೊಯ್ಯುವುದಕ್ಕೆ ಹೋಲಿಸಿದರೆ ಮೂತ್ರಕೋಶ, ಮೂತ್ರನಾಳಕ್ಕೆ ಪೆಟ್ಟಾಗುವ ಸಂಭವ ತುಸು ಹೆಚ್ಚು. ರೋಬಾಟ್ ಬಳಸಿ ಮಾಡುವುದೂ ಒಂದು ಬಗೆಯ ಲ್ಯಾಪರೋಸ್ಕೋಪಿಯೇ. ಕ್ಯಾನ್ಸರ್ ಅಲ್ಲದ ತೊಂದರೆಗಳಲ್ಲಿ ಅದರಿಂದ ಹೆಚ್ಚಿನ ಲಾಭ ಸ್ಪಷ್ಟವಾಗಿ ಕಂಡಿಲ್ಲ, ಬಿಲ್ ಮಾತ್ರ ಹೆಚ್ಚು.

ಇವುಗಳ ನಡುವೆ ಯೋನಿಮಾರ್ಗದ ಶಸ್ತ್ರಕ್ರಿಯೆ ಮರೆತೇಹೋಗುತ್ತದೆ. ಹೊಟ್ಟೆಯ ಮೇಲೆ ಗಾಯವಿಲ್ಲ, ದುಬಾರಿ ಯಂತ್ರವೂ ಬೇಡ. ಬಹುಶಃ ಅದಕ್ಕೇ ಜಾಹೀರಾತೂ ಇಲ್ಲ! ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಕೊಕ್ರೇನ್ ಪರಾಮರ್ಶೆ, ಕ್ಯಾನ್ಸರ್ ಇಲ್ಲದವರಿಗೆ ಸಾಧ್ಯವಿದ್ದಲ್ಲೆಲ್ಲ ಇದೇ ಒಳ್ಳೆಯದು ಎಂದಿತು. ಗರ್ಭಕೋಶ ಜಾರಿದವರಿಗೆ ಮಾತ್ರ ಇದು ಎಂಬುದು ತಪ್ಪು ತಿಳಿವಳಿಕೆ. ಸಿಸೇರಿಯನ್ ಆದವರಲ್ಲೂ ಅನೇಕರಿಗೆ ಮಾಡಬಹುದು. ಆದ್ದರಿಂದ ‘ನನಗೆ ಕೆಳಗಿನಿಂದ ಆಗುವುದಿಲ್ಲವೇ? ಯಾಕೆ ಆಗುವುದಿಲ್ಲ?’ ಎಂದು ಕೇಳಿಯೇ ಕೇಳಿ.

ಕ್ಯಾನ್ಸರ್ ಇದ್ದರೆ ಲೆಕ್ಕವೇ ಬೇರೆ. ಗರ್ಭಕೊರಳಿನ ಕ್ಯಾನ್ಸರಿಗೆ ಲ್ಯಾಪರೋಸ್ಕೋಪಿಗಿಂತ ಹೊಟ್ಟೆ ಕೊಯ್ದು ಮಾಡಿದವರು ಹೆಚ್ಚು ಕಾಲ ಬದುಕಿದ್ದು 2018ರ ದೊಡ್ಡ ಪ್ರಯೋಗದಲ್ಲಿ ಕಂಡುಬಂತು. ಅಲ್ಲಿ ಗಾಯ ಎಷ್ಟುದ್ದ ಎಂಬುದು ಮುಖ್ಯವಲ್ಲ.

ಆಮೇಲೆ: ನಿಮ್ಮ ಪಟ್ಟಿ ಬರೆಯಿರಿ

ನಿಮಗೆ ಯಾವುದು ಮುಖ್ಯ? ಬೇಗ ಕೆಲಸಕ್ಕೆ ಮರಳುವುದೇ, ಖರ್ಚೇ, ಗಾಯ ಕಾಣದಿರುವುದೇ, ಅಪಾಯ ಆದಷ್ಟು ಕಡಿಮೆ ಇರುವುದೇ? ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ನೀವೇ ಓದಿ ಹೇಳಿ. ಗಂಡನೋ ಅತ್ತೆಯೋ ನಿಮ್ಮ ಪರವಾಗಿ ಉತ್ತರಿಸುವುದು ಬೇಡ. ಅಂಡಾಶಯದ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಿ. ಗರ್ಭಕೋಶದ ಜೊತೆಗೆ ಅವನ್ನೂ ತೆಗೆಯಲೇಬೇಕೆಂದಿಲ್ಲ. ಮುಟ್ಟು ನಿಲ್ಲುವ ಮೊದಲೇ ತೆಗೆದರೆ ಮೈ ಬಿಸಿಯೇರುವುದು, ಬೆವರುವುದು ದಿಢೀರನೆ ಶುರುವಾಗುತ್ತದೆ, ಮೂಳೆಯೂ ಸವೆಯುತ್ತದೆ.

ಈ ವಿಧಾನದಲ್ಲಿ ನಿಮಗೆ ಎಷ್ಟು ಅನುಭವವಿದೆ ಎಂದು ವೈದ್ಯರನ್ನು ಕೇಳುವುದು ಅಗೌರವವಲ್ಲ. ರೂಢಿಯಿಲ್ಲದವರಿಂದ ನಿಮ್ಮ ಇಷ್ಟದ ವಿಧಾನವನ್ನೇ ಹಟಹಿಡಿದು ಮಾಡಿಸುವುದಕ್ಕಿಂತ, ಅದು ಗೊತ್ತಿರುವವರ ಬಳಿಗೆ ಕಳಿಸಿಕೊಡಿ ಎನ್ನುವುದು ಮೇಲು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಓದಿ: ತೂತಿನಿಂದ ಆಗದಿದ್ದರೆ ಹೊಟ್ಟೆ ಕೊಯ್ಯುವುದಕ್ಕೂ ಅದರಲ್ಲಿ ಸಾಮಾನ್ಯವಾಗಿ ಒಪ್ಪಿಗೆ ಇರುತ್ತದೆ.

ಮನೆಗೆ ಬಂದ ಮೇಲೆ

ಹೊರಗೆ ಗಾಯ ಕಾಣದಿದ್ದರೆ ಮನೆಯವರಿಗೆ ಏನೂ ಆಗಿಲ್ಲವೆಂದೇ ಅನಿಸುತ್ತದೆ. ಯಾವ ದಾರಿಯಲ್ಲಿ ತೆಗೆದರೂ ಸಾಮಾನ್ಯವಾಗಿ ಯೋನಿಯ ಮೇಲ್ತುದಿಯಲ್ಲಿ ಹೊಲಿಗೆ ಇರುತ್ತದೆ. ಅದು ಮಾಗಲು ಹೆಚ್ಚುಕಡಿಮೆ ಆರು ವಾರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡ, ಸಿಲಿಂಡರ್ ಎತ್ತುವುದು, ಲೈಂಗಿಕ ಸಂಪರ್ಕ ಬೇಡ. ಇದನ್ನು ಡಿಸ್ಚಾರ್ಜ್ ದಿನ ಮನೆಯವರೆದುರೇ ವೈದ್ಯರಿಂದ ಹೇಳಿಸಿ. ತೆಗೆದ ಗರ್ಭಕೋಶದ ಬಯಾಪ್ಸಿ ವರದಿ ಕೇಳಿ ಪಡೆಯಿರಿ. ಜ್ವರ, ದುರ್ವಾಸನೆಯ ಸ್ರಾವ, ಪ್ಯಾಡ್ ನೆನೆಯುವಷ್ಟು ರಕ್ತ, ಮೂತ್ರ ಕಟ್ಟುವುದು ಅಥವಾ ತಾನಾಗಿ ಸೋರುವುದು, ಒಂದೇ ಕಾಲು ಊದುವುದು – ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.