ಊಜಿ ನೊಣದ ಕಾಟ

ನಮ್ಮ ವಾಚನಾಲಯಕ್ಕೆ ಬರುವ ಕೆಲವು ಬಂಧುಗಳ ಊರಮನೆಗಳಲ್ಲಿ ರೇಷ್ಮೆಹುಳು ಸಾಕಣೆಯುಂಟು. ಮುಂಬಯಿಯಿಂದ ಕಳಿಸಿದ ಹಣ ಅಲ್ಲಿ ಮೊಟ್ಟೆಗೂ ಸೊಪ್ಪಿಗೂ ಹೋಗುತ್ತದೆ. ಅದನ್ನು ನುಂಗುವ ಕಳ್ಳನೇ ಊಜಿ ನೊಣ. 1980ರಲ್ಲಿ ಬಂಗಾಳದಿಂದ ತಂದ ಗೂಡುಗಳೊಡನೆ ಇದು ಕರ್ನಾಟಕಕ್ಕೆ ಬಂತು.

ನೊಣವು ಹುಳುವಿನ ಮೈಮೇಲೆ ಸಣ್ಣ ಬಿಳಿ ತತ್ತಿಯಿಡುತ್ತದೆ. 2-3 ದಿನಗಳಲ್ಲಿ ಮರಿ ಚರ್ಮ ಕೊರೆದು ಒಳಹೊಕ್ಕು ಕಪ್ಪು ಚುಕ್ಕೆಯುಳಿಸುತ್ತದೆ. ಎಳೆಯ ಹುಳು ಗೂಡು ಕಟ್ಟದೆ ಸಾಯುತ್ತದೆ. ಬಲಿತದ್ದು ಕಟ್ಟಿದರೂ, ಮರಿ ಗೂಡನ್ನು ತೂತುಮಾಡಿ ಹೊರಬರುವುದರಿಂದ ನೂಲು ಬಿಚ್ಚಲಾಗದು.

ಚುಕ್ಕೆ ಕಂಡ ಮೇಲೆ ಉಪಾಯವಿಲ್ಲ. ನೊಣವನ್ನು ಒಳಗೆ ಬಿಡದಿರುವುದೇ ಮೇಲೆಂದು ನಮ್ಮ ಅಭಿಪ್ರಾಯ. ರಜೆಗೆ ಹೋಗುವವರು ಇಲ್ಲಿಂದಲೇ ನೈಲಾನ್ ಬಲೆ ಒಯ್ದು ಹುಳುಮನೆಯ ಕಿಟಕಿ ಬಾಗಿಲುಗಳಿಗೆ ಹಾಕಿಸಿರಿ. ಹೊರಬಿದ್ದ ಮರಿಗಳನ್ನು ಆಯ್ದು ಸಾಬೂನು ನೀರಿಗೆ ಹಾಕಿಸಿರಿ. ನೆಲದ ಬಿರುಕು ಮುಚ್ಚಿಸಿರಿ. ಗೂಡು ಮಾರಿದೊಡನೆ ಬಲೆ ಬಿಚ್ಚಬೇಡಿರಿ: ಬಿರುಕಿನಲ್ಲಿ ಅಡಗಿದ ಮರಿಗಳು ಸುಮಾರು 10-12 ದಿನಕ್ಕೆ ನೊಣವಾಗಿ ಏಳುತ್ತವೆ.