ಶಾಲೆಯಿಂದ ಬಂದ ಚೀಟಿ

(ಈ ತಿಂಗಳ ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಓದಲು ಬರುವವರು ಯಾರಾದರೂ ಒಬ್ಬರು ಇದನ್ನು ನಿಧಾನವಾಗಿ, ಗಟ್ಟಿಯಾಗಿ ಓದಿ. ಉಳಿದವರು ಕೇಳಿಸಿಕೊಳ್ಳಿ. ನಡುವೆ ಯಾರಿಗಾದರೂ ಮಾತಾಡಬೇಕು ಅನ್ನಿಸಿದರೆ ಓದುವುದನ್ನು ನಿಲ್ಲಿಸಿ ಮಾತಾಡಿ. ಒಂದೇ ಸಭೆಯಲ್ಲಿ ಮುಗಿಸಲೇಬೇಕು ಅಂತ ಏನಿಲ್ಲ.

ಮಕ್ಕಳ ಬ್ಯಾಗಿನಲ್ಲಿ ಶಾಲೆಯಿಂದ ಚೀಟಿ ಬರುತ್ತದೆ. ಒಂದರಲ್ಲಿ "ವಾರ್ಷಿಕೋತ್ಸವಕ್ಕೆ ಪ್ರತಿ ಮಗುವಿನಿಂದ ಇಷ್ಟು ರೂಪಾಯಿ" ಎಂದಿರುತ್ತದೆ. ಇನ್ನೊಂದರಲ್ಲಿ "ಶನಿವಾರ ಶ್ರಮದಾನ, ಪೋಷಕರು ಗುದ್ದಲಿ, ಬುಟ್ಟಿಯೊಂದಿಗೆ ಬರುವುದು" ಎಂದು. ಮತ್ತೊಂದರಲ್ಲಿ "ಮಕ್ಕಳ ಸುರಕ್ಷತೆ ಕುರಿತು ಪೋಷಕರ ಸಭೆ, ತಪ್ಪದೆ ಹಾಜರಾಗಿ" ಎಂದು. ನಾವು ಏನು ಮಾಡುತ್ತೇವೆ? ಮೊದಲನೆಯದಕ್ಕೆ ಸಾಲ ಮಾಡಿಯಾದರೂ ದುಡ್ಡು ಕೊಡುತ್ತೇವೆ. ಎರಡನೆಯದಕ್ಕೆ ಅರ್ಧ ದಿನದ ಕೂಲಿ ಬಿಟ್ಟು ಹೋಗುತ್ತೇವೆ. ಮೂರನೆಯದಕ್ಕೆ ಮಾತ್ರ, "ಅಯ್ಯೋ, ಮೇಷ್ಟ್ರು ನೋಡ್ಕೋತಾರೆ ಬಿಡಿ" ಅಂತ ಸುಮ್ಮನಾಗುತ್ತೇವೆ. ಈ ಮೂರು ಚೀಟಿಗಳೂ ಬೇರೆ ಬೇರೆ ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ.

ಕೂಪನ್ ಪುಸ್ತಕ

ನಾನು ಪ್ರೇರಕಿಯಾಗಿ ಹೋಗುತ್ತಿದ್ದ ಒಂದು ಹಳ್ಳಿಯಲ್ಲಿ ನಡೆದದ್ದು ಇದು. ಊರು, ಶಾಲೆ, ಯಾರ ಹೆಸರನ್ನೂ ಬರೆಯುವುದಿಲ್ಲ. ಅಂಥ ಮಗುವಿನ ಗುರುತು ಬಯಲು ಮಾಡಬಾರದೆಂದು ಕಾನೂನೂ ಹೇಳುತ್ತದೆ.

ಆ ಶಾಲೆ ರಸ್ತೆ ಪಕ್ಕದಲ್ಲಿತ್ತು. ಕಾಂಪೌಂಡ್ ಇರಲಿಲ್ಲ. ಮಕ್ಕಳು ಚೆಂಡಿನ ಹಿಂದೆ ರಸ್ತೆಗೆ ಓಡುತ್ತಾರೆ, ಗೋಡೆ ಕಟ್ಟಲೇಬೇಕು ಎಂದು ತೀರ್ಮಾನವಾಯಿತು. ಒಳ್ಳೆಯ ಉದ್ದೇಶವೇ. ಹಣ ಕೂಡಿಸಲು ಲಕ್ಕಿ ಕೂಪನ್ ಅಚ್ಚು ಹಾಕಿಸಿದರು. ಒಂದಕ್ಕೆ 20 ರೂಪಾಯಿ, ಪುಸ್ತಕದಲ್ಲಿ 10 ಕೂಪನ್, ಮೊದಲ ಬಹುಮಾನ ಮಿಕ್ಸಿ. ಪ್ರತಿ ಮಗುವಿನ ಕೈಗೆ ಒಂದು ಪುಸ್ತಕ. ಎಲ್ಲವನ್ನೂ ಮಾರಿದವರಿಗೆ ಪ್ರಾರ್ಥನೆ ಹೊತ್ತಿನಲ್ಲಿ ಚಪ್ಪಾಳೆ.

ಆರನೇ ತರಗತಿಯ ಒಬ್ಬ ಹುಡುಗಿ ತನ್ನ ಬೀದಿಯಲ್ಲಿ ನಾಲ್ಕು ಕೂಪನ್ ಮಾರಿದಳು. ಉಳಿದದ್ದನ್ನು ಮಾರಲು ಆಚೆ ಕೇರಿಗೆ ಹೋದಳು. ಸಂಜೆ ಹೊತ್ತು. ಒಂದು ಮನೆಯಲ್ಲಿ, "ದುಡ್ಡು ಒಳಗಿದೆ, ಬಾ" ಅಂದರು. ಅವಳು ಪುಸ್ತಕವನ್ನೂ ಮಾರಿದ ದುಡ್ಡನ್ನೂ ಅಲ್ಲೇ ಬಿಟ್ಟು ಓಡಿ ಬಂದಳು. ಮನೆಯಲ್ಲಿ ಏನೂ ಹೇಳಲಿಲ್ಲ. ತಾಯಿಗೆ ಗೊತ್ತಾಗಿದ್ದು ಇಷ್ಟೇ, ಕೂಪನ್ ಪುಸ್ತಕ ಕಳೆದಿದೆ, ಶಾಲೆಗೆ 200 ರೂಪಾಯಿ ಕಟ್ಟಬೇಕು. ಮಗಳಿಗೆ ಎರಡು ಏಟು ಬಿತ್ತು.

ಆ ತಾಯಿ 200 ರೂಪಾಯಿ ಕೇಳಿಕೊಂಡು ಸಂಘಕ್ಕೆ ಬಂದರು. ನಾನು ಅಲ್ಲೇ ಕೂತಿದ್ದೆ. "ಹೋಗಲಿ ಬಿಡಿ ಅಕ್ಕ, ಶಾಲೆ ಕೆಲಸ ತಾನೇ" ಅಂದೆ. ಪುಸ್ತಕ ಹೇಗೆ ಕಳೆಯಿತು, ಎಲ್ಲಿ ಕಳೆಯಿತು ಅಂತ ನಾವು ಹದಿನಾರು ಜನರಲ್ಲಿ ಒಬ್ಬರೂ ಕೇಳಲಿಲ್ಲ. "ಮಗಳ ಶಾಲೆ ಖರ್ಚು" ಎಂದು ಸಾಲದ ಪುಸ್ತಕದಲ್ಲಿ ಬರೆದೆವು. ಬರೆದದ್ದು ನನ್ನ ಕೈಬರಹದಲ್ಲೇ ಇದೆ.

ಮೂರು ವಾರ ಕಳೆಯಿತು. ಸಂಘದ ಹಿರಿಯ ಸದಸ್ಯೆಯೊಬ್ಬರು ಗಮನಿಸಿದರು, ಆ ಹುಡುಗಿ ಡೇರಿಗೆ ಹಾಲು ಹಾಕಲು ಹತ್ತಿರದ ದಾರಿ ಬಿಟ್ಟು ಊರು ಸುತ್ತಿ ಹೋಗುತ್ತಾಳೆ. ಅವರು ಬೈಯಲಿಲ್ಲ. ಹುರುಳಿ ಹಸನು ಮಾಡೋಣ ಬಾ ಅಂತ ಪಕ್ಕದಲ್ಲಿ ಕೂರಿಸಿಕೊಂಡು, "ಆ ದಾರೀಲಿ ನಾಯಿ ಗೀಯಿ ಇದಾವೇನವ್ವಾ?" ಅಂತ ಕೇಳಿದರು. ಅಷ್ಟು ಸಾಕಾಯಿತು.

ಅದೇ ಸಂಜೆ 1098ಕ್ಕೆ ಫೋನ್ ಮಾಡಿದರು. ಊರಿನ ನಾಲ್ಕು ಜನ "ಹುಡುಗಿ ಮರ್ಯಾದೆ ಹೋಗುತ್ತೆ, ಕೂತು ಮಾತಾಡಿ ಮುಗಿಸೋಣ" ಎಂದು ಬಂದರು. ಶಾಲೆಯವರು, "ಇದು ಶಾಲೆ ಹೊರಗೆ ನಡೆದದ್ದು, ನಮಗೇನು ಸಂಬಂಧ?" ಅಂದರು. ಆ ಹಿರಿಯ ಸದಸ್ಯೆ ಕೊಟ್ಟ ಉತ್ತರ ನನಗೆ ಮರೆಯದು. "ಕೂಪನ್ ಪುಸ್ತಕ ಯಾರು ಕೊಟ್ಟಿದ್ದು ಸಾ?" ಅಂದರು. ಕೇಸು ನಡೆಯಿತು. ಮಗು ಶಾಲೆ ಬಿಡಲಿಲ್ಲ.

ದುಡ್ಡಿನ ಚೀಟಿ ಬಂದಾಗ

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಶಿಕ್ಷಣ ಉಚಿತ. ಓದು ಮುಂದುವರಿಸಲು ಅಡ್ಡಿಯಾಗುವಂಥ ಯಾವ ಶುಲ್ಕವನ್ನೂ ಖರ್ಚನ್ನೂ ಆ ಮಗುವಿನ ಮೇಲೆ ಹೇರುವಂತಿಲ್ಲ. ಖಾಸಗಿ ಶಾಲೆಗೂ ಒಂದು ಮಿತಿ ಇದೆ. ಪ್ರಕಟಿಸಿದ ಶುಲ್ಕ ಬಿಟ್ಟು ಬೇರೆ ಯಾವ ವಂತಿಗೆ, ದೇಣಿಗೆ ತೆಗೆದುಕೊಂಡರೂ ಕಾಯ್ದೆ ಅದನ್ನು ಕ್ಯಾಪಿಟೇಶನ್ ಶುಲ್ಕ ಅನ್ನುತ್ತದೆ. ಮಗುವನ್ನು ಸೇರಿಸಿಕೊಳ್ಳುವಾಗ ಅದನ್ನು ವಸೂಲಿ ಮಾಡಿದರೆ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು.

ಹಾಗಾದರೆ ಶಾಲೆಗೆ ನಾವು ಏನೂ ಕೊಡಬಾರದೇ? ಕೊಡಬಹುದು. ನಮ್ಮ ಕಡೆ ಎಷ್ಟೋ ಸರ್ಕಾರಿ ಶಾಲೆಗಳ ಜಾಗ ಊರಿನವರೇ ದಾನ ಕೊಟ್ಟದ್ದು. ಇಷ್ಟಪಟ್ಟು ಕೊಡುವುದು ಬೇರೆ, ಕೊಡದಿದ್ದರೆ ಮಗುವನ್ನು ತರಗತಿಯಲ್ಲಿ ನಿಲ್ಲಿಸುವುದು ಬೇರೆ. 2022ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲೇ ಒಂದು ಸುತ್ತೋಲೆ ಬಂತು. ಸರ್ಕಾರಿ ಶಾಲೆಯ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಅದರಲ್ಲಿತ್ತು. ಇಷ್ಟವಿದ್ದವರು ಮಾತ್ರ ಕೊಡಲಿ ಎಂದೇ ಬರೆದಿದ್ದರೂ, ತಿಂಗಳು ತಿಂಗಳು ಬಡವರ ಮನೆಗೆ ಹೋದರೆ ಅದು ಕಡ್ಡಾಯವೇ ಆಗುತ್ತದೆ ಎಂದು ಜನ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಕೇಳಿದರೆ ಬದಲಾಗುತ್ತದೆ ಎನ್ನುವುದಕ್ಕೆ ಇದನ್ನು ಹೇಳಿದೆ.

ನಮ್ಮ ಸಂಘದಲ್ಲಿ ಹತ್ತು ರೂಪಾಯಿ ಉಳಿತಾಯಕ್ಕೂ ಪಾಸ್ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ. ನಡಾವಳಿಯಲ್ಲಿ ಬರೆಯದೆ ಸಾಲ ಕೊಟ್ಟರೆ ಜಗಳವೇ ಆಗುತ್ತದೆ. ಶಾಲೆಗೆ ದುಡ್ಡು ಕೊಡುವಾಗ ಮಾತ್ರ ನಮಗೆ ಈ ಅಭ್ಯಾಸವೆಲ್ಲ ಮರೆತು ಹೋಗುವುದೇಕೆ? ಯಾವ ಸಭೆಯಲ್ಲಿ ತೀರ್ಮಾನವಾಯಿತು, ಹಣ ಯಾವ ಖಾತೆಗೆ ಹೋಗುತ್ತದೆ, ರಸೀದಿ ಕೊಡುತ್ತಾರಾ, ಖರ್ಚಿನ ಲೆಕ್ಕ ಎಲ್ಲಿ ಓದುತ್ತಾರೆ, ಕೊಡಲಾಗದವರ ಮಗುವಿಗೆ ಏನೂ ತೊಂದರೆ ಇಲ್ಲವಲ್ಲ? ಇಷ್ಟು ಕೇಳುವುದು ಮೇಷ್ಟ್ರ ಮೇಲೆ ಅನುಮಾನಪಟ್ಟ ಹಾಗಲ್ಲ. ಎಷ್ಟೋ ಒಳ್ಳೆಯ ಶಿಕ್ಷಕರು ಕೈಯಿಂದ ಹಾಕಿ ಶಾಲೆ ನಡೆಸುತ್ತಾರೆ. ಲೆಕ್ಕ ಸರಿಯಿದ್ದರೆ ಅವರಿಗೇ ಒಳ್ಳೆಯದು.

ಇದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಈ ಹಣ ಕೂಡಿಸಲು ಯಾರು ಮನೆ ಮನೆಗೆ ಹೋಗುತ್ತಾರೆ? ಮಕ್ಕಳು ಎಂದರೆ "ಬೇಡ" ಎನ್ನಿ. ದೊಡ್ಡವರು ಇಬ್ಬರು ಇಬ್ಬರಾಗಿ ಹೋಗಲಿ. ಬಹುಮಾನದ ಕೂಪನ್ ಎಂದರೆ ಸಣ್ಣ ಲಾಟರಿಯೇ ಅಲ್ಲವೇ? ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾಯಿತು. ಗಂಡಂದಿರ ಲಾಟರಿ ಚೀಟಿಗೆ ಅತ್ತವರು ನಾವು, ಮಕ್ಕಳ ಕೈಯಲ್ಲಿ ಅದನ್ನೇ ಮಾರಿಸುವುದು ಬೇಡ.

ಕೆಲಸದ ಚೀಟಿ ಬಂದಾಗ

ಶ್ರಮದಾನಕ್ಕೆ ಹೋಗಿ. ಆದರೆ ಕಳೆ ಕಿತ್ತು, ಕಸ ಹೊತ್ತು ಬಂದರೆ ಸಾಲದು. ಕಣ್ಣು ಬಿಟ್ಟುಕೊಂಡು ಶಾಲೆಯನ್ನು ಒಂದು ಸುತ್ತು ಹಾಕಿ. ಸಂಪಿಗೆ ಮುಚ್ಚಳ ಇದೆಯಾ? ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ? ವಿದ್ಯುತ್ ತಂತಿ ಜೋತು ಬಿದ್ದಿದೆಯಾ? ಅಡುಗೆ ಕೋಣೆ ಎಲ್ಲಿದೆ?

ಅಡುಗೆ ಕೋಣೆ ಅಂದೆ ನೋಡಿ, ಅದಕ್ಕೆ ಕಾರಣವಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಒಂದು ಶಾಲೆಯ ಅಡುಗೆ ಮನೆಯ ಬೆಂಕಿ ಗರಿ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಒಂಬತ್ತು ವರ್ಷದ ನಂತರ, ಅದೇ ಜುಲೈ 16ರಂದು, 2013ರಲ್ಲಿ, ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ಔಷಧಿ ಹೊಡೆದ ಡಬ್ಬ ತೊಳೆದು ಎಣ್ಣೆಗೆ, ನೀರಿಗೆ ಬಳಸುವುದು ನಮ್ಮ ಮನೆಗಳಲ್ಲೂ ಉಂಟು. ಮಕ್ಕಳಿಗೆ ಬಡಿಸುವ ಮೊದಲು ಊಟವನ್ನು ದೊಡ್ಡವರು ರುಚಿ ನೋಡಬೇಕು ಎಂಬ ನಿಯಮವಿದೆ. ನಮ್ಮ ಶಾಲೆಯಲ್ಲಿ ಇವತ್ತು ಯಾರು ರುಚಿ ನೋಡಿದರು? ಹೋಗಿ ಕೇಳಬಹುದು. ಅಡುಗೆಯವರು ನಮ್ಮ ಸಂಘದ ಅಕ್ಕತಂಗಿಯರೇ ಇರುತ್ತಾರೆ, ಅವರಿಗೂ ಅದರಿಂದ ಧೈರ್ಯ.

ಸ್ವಯಂಸೇವೆ ಮಾಡುವುದು ದೊಡ್ಡವರು, ಮಕ್ಕಳಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಾಗಿ ಇಡೀ ರಾಜ್ಯ ತಲೆ ತಗ್ಗಿಸಿತು. ತಮ್ಮ ತರಗತಿ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಕಲಿಕೆ. ಗುಂಡಿ, ಟ್ಯಾಂಕ್, ಚಾವಣಿ ಮಕ್ಕಳ ಕೆಲಸವಲ್ಲ. ಹೊರಗಿನಿಂದ ಸಹಾಯಕ್ಕೆ ಬರುವವರ ಬಗ್ಗೆಯೂ ಒಂದು ಮಾತು. ಅವರು ಎಷ್ಟೇ ದೊಡ್ಡವರಾಗಿರಲಿ, ದಾನಿಗಳಾಗಿರಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಇರಬಾರದು.

ಮಗು ಹೇಳಿದಾಗ

ನಾನು ಎಡವಿದ್ದು ಇಲ್ಲೇ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಗು ನೇರವಾಗಿ ಹೇಳುವುದು ಕಡಿಮೆ. ಊಟ ಬಿಡುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ, ದಾರಿ ಬದಲಾಯಿಸುತ್ತದೆ, ಒಬ್ಬರ ಹೆಸರು ಬಂದರೆ ಮುಖ ತಿರುಗಿಸುತ್ತದೆ. ಗಂಡುಮಕ್ಕಳಿಗೂ ಹೀಗಾಗುತ್ತದೆ, ಇದನ್ನು ನಾವು ಒಪ್ಪಿಕೊಳ್ಳುವುದೇ ಇಲ್ಲ. ಮಗು ಹೇಳಿದಾಗ "ನೀನ್ಯಾಕೆ ಅಲ್ಲಿಗೆ ಹೋದೆ?" ಎಂದು ಮಾತ್ರ ಕೇಳಬೇಡಿ. "ಹೇಳಿದ್ದು ಒಳ್ಳೇದಾಯ್ತು ಕಂದ, ನಿನ್ನ ತಪ್ಪಲ್ಲ" ಅನ್ನಿ. ಕೆದಕಿ ಕೆದಕಿ ನಾಲ್ಕು ಜನರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ.

ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ ಜಾರಿಗೆ ಬಂತು. 18 ವರ್ಷದೊಳಗಿನ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯ. ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಮಗುವನ್ನು ಠಾಣೆಗೆ ಎಳೆದುಕೊಂಡು ಹೋಗಬೇಕಾಗಿಲ್ಲ. ಮನೆಗೇ ಬಂದು, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಮಗು ನಂಬುವವರ ಎದುರು ಹೇಳಿಕೆ ಬರೆದುಕೊಳ್ಳಬೇಕು. ಊರ ಪಂಚಾಯಿತಿಯಲ್ಲಿ ರಾಜಿ ಮಾಡಿ ಮುಗಿಸುವಂಥ ಅಪರಾಧ ಇದಲ್ಲ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಸಿಗುತ್ತದೆ, ಉಚಿತ. ತುರ್ತಿಗೆ 112. ವಕೀಲರ ಖರ್ಚಿಗೆ ಹೆದರಬೇಡಿ, ಹೆಂಗಸರಿಗೆ ಮತ್ತು ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ.

"ನಮ್ಮ ಸಭೆಯವರದ್ದೇ ಶಾಲೆ, ಸಿಸ್ಟರ್‌ಗಳು ಇರ್ತಾರೆ, ಅಲ್ಲಿ ಏನಾಗುತ್ತೆ?" ಎನ್ನುವವರು ನಮ್ಮಲ್ಲಿದ್ದಾರೆ. ಕಾನೂನು ಎಲ್ಲ ಶಾಲೆಗೂ ಒಂದೇ. ಪೋಪ್ ಫ್ರಾನ್ಸಿಸರು 2019ರಲ್ಲಿ, ಇಂಥ ವಿಷಯ ತಿಳಿದ ಗುರುಗಳು ಮತ್ತು ಧಾರ್ಮಿಕರು ಅದನ್ನು ಮೇಲಿನವರಿಗೆ ತಿಳಿಸಲೇಬೇಕೆಂದು ನಿಯಮ ಮಾಡಿದರು. ದೇಶದ ಕಾನೂನನ್ನು ಅದು ತಪ್ಪಿಸುವುದಿಲ್ಲ. ಗೌರವ ಇಟ್ಟುಕೊಂಡೇ ಕೇಳಬಹುದು.

ಕುರ್ಚಿ ಖಾಲಿ ಬಿಡಬೇಡಿ

ಎಸ್‌ಡಿಎಂಸಿ ನಮ್ಮ ರಾಜ್ಯಕ್ಕೆ 2001ರಲ್ಲೇ ಬಂತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನ ಹೇಗೆ ಖರ್ಚಾಯಿತು ನೋಡುವುದು ಅದರ ಕೆಲಸ. ಅನುದಾನಿತ ಶಾಲೆಗಳಲ್ಲಿ ಸಮಿತಿ ಸಲಹೆ ಮಾತ್ರ ಕೊಡಬಹುದು. ಅನುದಾನ ಪಡೆಯದ ಖಾಸಗಿ ಶಾಲೆಗೆ ಈ ನಿಯಮವಿಲ್ಲ, ಅಲ್ಲಿ ಪೋಷಕರ ಸಭೆಯಲ್ಲೇ ಕೇಳಬೇಕು.

ಕಾಗದದ ಮೇಲೆ ಅರ್ಧ ಹೆಂಗಸರು ಇದ್ದಾರೆ. ಸಭೆಗೆ ಮಾತ್ರ ಗಂಡ ಹೋಗುತ್ತಾರೆ, ನಡಾವಳಿ ಪುಸ್ತಕ ಸಹಿಗೆ ಮನೆಗೆ ಬರುತ್ತದೆ. ರೊಟ್ಟಿ ಬೇಯಿಸುತ್ತಾ ಸಹಿ ಹಾಕಿಕೊಟ್ಟ ಅಕ್ಕಂದಿರನ್ನು ನಾನೇ ನೋಡಿದ್ದೇನೆ. ಸಂಘದ ಪುಸ್ತಕವನ್ನು ಓದದೆ ಸಹಿ ಹಾಕುತ್ತೀರಾ? ನಿಮ್ಮಲ್ಲಿ ಸಮಿತಿ ಸದಸ್ಯರು ಯಾರಿದ್ದೀರೋ ಅವರು ಸಭೆಗೆ ಹೋಗುವ ದಿನ, ಅವರ ಹಸುವಿಗೆ ಹುಲ್ಲು ಹಾಕುವುದು, ಮಗು ನೋಡಿಕೊಳ್ಳುವುದು ಸಂಘದ ಇನ್ನೊಬ್ಬರ ಪಾಲಿಗೆ ಇರಲಿ. ಹಾಗೆ ಮಾಡದೆ "ಹೋಗಿ ಬನ್ನಿ" ಅಂದರೆ ಯಾರೂ ಹೋಗುವುದಿಲ್ಲ.

ಆ ಹಳ್ಳಿಯ ಶಾಲೆಗೆ ಕಾಂಪೌಂಡ್ ಆಯಿತು. ಎರಡನೇ ಸಲ ಹಣ ಕೂಡಿಸಲು ಸಂಘದವರೇ ರಸೀದಿ ಪುಸ್ತಕ ಹಿಡಿದು ಹೋದರು. ಆ 200 ರೂಪಾಯಿ ಸಾಲವನ್ನು ತಾಯಿ ಕಂತಿನಲ್ಲಿ ತೀರಿಸಿದರು. ಶಾಲೆಯಿಂದ ಆ ಹಣ ವಾಪಸ್ ಕೇಳೋಣ ಎಂದು ಒಂದು ಸಭೆಯಲ್ಲಿ ಮಾತು ಬಂತು. ಅವರೇ ಬೇಡ ಅಂದರು.

ಚರ್ಚೆಗೆ:

ಕಳೆದ ಒಂದು ವರ್ಷದಲ್ಲಿ ಶಾಲೆಗೆ ಅಂತ ನಮ್ಮ ಸಂಘದಿಂದ ಎಷ್ಟು ಸಾಲ ಹೋಗಿದೆ? ಸಾಲದ ಪುಸ್ತಕ ತೆಗೆದು ನೋಡಿ. ಎಷ್ಟಕ್ಕೆ ರಸೀದಿ ಇದೆ?

ನಮ್ಮಲ್ಲಿ ಎಸ್‌ಡಿಎಂಸಿ ಸದಸ್ಯರು ಯಾರು? ಕೊನೆಯ ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಅವರೇ ಹೇಳಲಿ.

ಮಕ್ಕಳು ನಡೆದು ಹೋಗುವ ದಾರಿಯಲ್ಲಿ ಅವರಿಗೆ ಹೆದರಿಕೆಯಾಗುವ ಜಾಗ ಯಾವುದು? ಇದನ್ನು ನೀವು ಊಹಿಸಬೇಡಿ. ಮನೆಗೆ ಹೋಗಿ ಮಕ್ಕಳನ್ನೇ ಕೇಳಿಕೊಂಡು, ಮುಂದಿನ ಸಭೆಗೆ ಬನ್ನಿ.