ನೋವಾಗದ ಬಿಸಿಯೂ ಸುಡುತ್ತದೆ

ಆರೋಗ್ಯ ಪ್ರಶ್ನೋತ್ತರ: ಗೇಮಿಂಗ್ ಲ್ಯಾಪ್‌ಟಾಪಿನ ಶಾಖ

ಬೇಸಿಗೆ ರಜೆ ಶುರುವಾದರೆ ತೊಡೆಯ ಮೇಲಿನ ಕಲೆ, ಅಂಗೈ ಉರಿ, ಮಕ್ಕಳಾಗದ ಚಿಂತೆ ಎಂದು ಬೇರೆ ಬೇರೆ ತಕರಾರಿನ ಪತ್ರಗಳು ಬರುತ್ತವೆ. ಕೆದಕಿ ನೋಡಿದರೆ ಹಲವಕ್ಕೆ ಮೂಲ ಒಂದೇ, ಬಿಸಿಯೇರಿದ ಲ್ಯಾಪ್‌ಟಾಪ್. ಅದರಲ್ಲೂ ಗೇಮಿಂಗ್ ಲ್ಯಾಪ್‌ಟಾಪಿನ ಶಾಖ ಹೆಚ್ಚು. ಅದರ ಚಾರ್ಜರನ್ನು ತಿರುಗಿಸಿ ನೋಡಿ. 180, 230, ಕೆಲವದರಲ್ಲಿ 330 ವಾಟ್ ಎಂದು ಬರೆದಿರುತ್ತದೆ. ಆಟ ಜೋರಾಗಿ ನಡೆಯುವಾಗ ಯಂತ್ರ ಎಳೆದುಕೊಳ್ಳುವ ವಿದ್ಯುತ್ತು ಬಹುಮಟ್ಟಿಗೆ ಶಾಖವಾಗಿಯೇ ಹೊರಬೀಳುತ್ತದೆ. ಉರಿಯುವ ಎರಡು ಮೂರು ಬುರುಡೆ ಬಲ್ಬುಗಳನ್ನು ಮಡಿಲಲ್ಲಿ ಇಟ್ಟುಕೊಂಡಷ್ಟು ಕಾವು ಅದು.

ಈ ಕಾವು ಏರಿದಾಗ ಯಂತ್ರಕ್ಕೊಂದು ಕಾವಲಿದೆ. ಒಳಗಿನ ಚಿಪ್ 95–100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಚರ್ಮಕ್ಕಿರುವ ಕಾವಲು ನೋವು. ಆದರೆ ಸುಮಾರು 43 ಡಿಗ್ರಿಯವರೆಗಿನ ಬಿಸಿ ಸಾಮಾನ್ಯವಾಗಿ ನೋಯಿಸುವುದಿಲ್ಲ, ಚಳಿಗಾಲದಲ್ಲಂತೂ ಹಿತವೆನಿಸುತ್ತದೆ. ಹಾನಿ ಶುರುವಾಗುವುದು ಅಲ್ಲಿಯೇ. “ಸುಡುತ್ತಿಲ್ಲವಲ್ಲ” ಎಂಬ ಧೈರ್ಯವನ್ನು ನಂಬಬೇಡಿ. ಈ ವಾರದ ಉತ್ತರಗಳೆಲ್ಲದರ ಸಾರ ಇದೇ.

ಪ್ರಶ್ನೆ: ಮಗನಿಗೆ 17 ವರ್ಷ. ಅವನ ಎಡತೊಡೆಯ ಮೇಲೆ ಬಲೆ ಹರಡಿದ ಹಾಗೆ ಕಂದು ಗೆರೆಗಳು ಮೂಡಿವೆ. ತುರಿಕೆಯಿಲ್ಲ, ನೋವಿಲ್ಲ. ಮೆಡಿಕಲ್ ಶಾಪಿನವರು ಹುಳುಕಡ್ಡಿ ಎಂದು ಮುಲಾಮು ಕೊಟ್ಟರು, ಗುಣ ಕಾಣಲಿಲ್ಲ. ರಾತ್ರಿ ಹಾಸಿಗೆಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಗೇಮ್ ಆಡುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಡಾಕ್ಟ್ರೇ?
— ತಾಯಿ, ದಾವಣಗೆರೆ

ಉತ್ತರ: ನಿಮ್ಮ ಅನುಮಾನ ಸರಿಯಿರುವ ಸಾಧ್ಯತೆ ಹೆಚ್ಚು, ತಾಯಿ. ನೀವು ಬರೆದಿರುವ ಲಕ್ಷಣಗಳು ‘ಎರಿಥೀಮಾ ಅಬ್ ಇಗ್ನಿ’ ಎಂಬ ತೊಂದರೆಗೆ ಹೊಂದುತ್ತವೆ. 43ರಿಂದ 47 ಡಿಗ್ರಿಯ ಕಾವು ಒಂದೇ ಜಾಗಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಮತ್ತೆ ಮತ್ತೆ ತಾಗಿದಾಗ ಚರ್ಮದಡಿಯ ಸಣ್ಣ ರಕ್ತನಾಳಗಳ ಸುತ್ತ ಬಣ್ಣ ಕಟ್ಟಿಕೊಳ್ಳುತ್ತದೆ. ಮೊದಲು ಕೆಂಪಗೆ ಕಾಣುವ ಗೆರೆಗಳು ಆಮೇಲೆ ಕಂದಾಗುತ್ತವೆ. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕಾಲು ಕಾಯಿಸಿಕೊಳ್ಳುವ ಹಿರಿಯರಲ್ಲಿ, ಸೊಂಟನೋವಿಗೆ ದಿನವೂ ಬಿಸಿನೀರಿನ ಚೀಲ ಇಟ್ಟುಕೊಳ್ಳುವವರಲ್ಲಿ ವೈದ್ಯರು ಇದನ್ನು ಹಿಂದಿನಿಂದಲೂ ನೋಡುತ್ತ ಬಂದಿದ್ದಾರೆ. ಲ್ಯಾಪ್‌ಟಾಪಿನಿಂದ ಹೀಗಾದದ್ದು ಮೊದಲು ವರದಿಯಾದದ್ದು 2004ರಲ್ಲಿ. 2010ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವೈದ್ಯರು ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ 12 ವರ್ಷದ ಹುಡುಗನೊಬ್ಬನ ವಿಷಯ ಬರೆದರು. ಅವನೂ ತಿಂಗಳುಗಟ್ಟಲೆ, ದಿನಕ್ಕೆ ಹಲವು ಗಂಟೆ ಗೇಮ್ ಆಡಿದ್ದ. ಕಲೆ ಬಿದ್ದದ್ದು ಎಡತೊಡೆಯ ಮೇಲೆಯೇ. ಯಂತ್ರದ ಎಡಬದಿ ಹೆಚ್ಚು ಬಿಸಿಯಾಗುತ್ತದೆ ಎಂಬುದು ಅವನಿಗೆ ಗೊತ್ತಾಗಿತ್ತು, ಆದರೂ ಜಾಗ ಬದಲಿಸಿರಲಿಲ್ಲ.

ಇದಕ್ಕೆ ಮುಖ್ಯ ಮದ್ದು ಬಿಸಿಯಿಂದ ದೂರವಿರುವುದು. ಲ್ಯಾಪ್‌ಟಾಪ್ ಇಂದಿನಿಂದಲೇ ತೊಡೆಯಿಂದ ಮೇಜಿಗೆ ಹೋಗಲಿ. ಎಳೆಯ ಕಲೆ ಕೆಲವು ತಿಂಗಳಲ್ಲಿ ಮಾಸುತ್ತದೆ. ಕಂದು ಗಟ್ಟಿಯಾಗಿ ಕೂತಿದ್ದರೆ ನಿಧಾನ, ಒಂದಿಷ್ಟು ಉಳಿದುಬಿಡಲೂಬಹುದು. ಹುಳುಕಡ್ಡಿಗೆಂದು ಕೌಂಟರಿನಲ್ಲಿ ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಚರ್ಮವನ್ನು ತೆಳುವಾಗಿಸುತ್ತದೆ. ಹಚ್ಚುವುದನ್ನು ನಿಲ್ಲಿಸಿ, ಟ್ಯೂಬನ್ನು ಚರ್ಮವೈದ್ಯರಿಗೆ ತೋರಿಸಿ. ಬಿಸಿ ತಾಗದ ಕಡೆಯೂ ಇಂಥ ಗೆರೆಗಳಿದ್ದರೆ, ಜೊತೆಗೆ ಕೀಲುನೋವು ಇಲ್ಲವೇ ಜ್ವರವಿದ್ದರೆ ಅದು ರಕ್ತನಾಳದ ಬೇರೆ ಕಾಯಿಲೆಯಿರಬಹುದು, ಪರೀಕ್ಷೆ ಆಗಲೇಬೇಕು.

ಈ ಕಲೆಯನ್ನು ಹಗುರವಾಗಿ ಎಣಿಸಬಾರದು ಎನ್ನುವುದಕ್ಕೆ ಕಾರಣ ಕಾಶ್ಮೀರದಲ್ಲಿದೆ. ಅಲ್ಲಿನ ಜನ ಚಳಿಗೆ ಕೆಂಡ ತುಂಬಿದ ಕಾಂಗ್ರಿಯನ್ನು ನಿಲುವಂಗಿಯ ಒಳಗೆ ಹಿಡಿದು ಕೂರುತ್ತಾರೆ. ವರ್ಷಾನುಗಟ್ಟಲೆ ಹಾಗೆ ಕಾಯಿಸಿಕೊಂಡ ಕೆಲವರಿಗೆ ತೊಡೆ, ಹೊಟ್ಟೆಯ ಮೇಲೆ ಚರ್ಮದ ಕ್ಯಾನ್ಸರ್ ಬಂದಿದೆ. ವೈದ್ಯಗ್ರಂಥಗಳಲ್ಲಿ ಅದಕ್ಕೆ ಕಾಂಗ್ರಿ ಕ್ಯಾನ್ಸರ್ ಎಂದೇ ಹೆಸರು. ನಿಮ್ಮ ಮಗನಿಗೆ ಹಾಗಾಗುತ್ತದೆ ಎಂದು ಹೆದರಬೇಡಿ. ಶಾಖವನ್ನು ಈಗಲೇ ತಪ್ಪಿಸಿದರೆ ಸಾಕು. ಕಲೆಯ ಮೇಲೆ ಗಂಟು, ಒರಟು ಹೊಪ್ಪಳೆ ಅಥವಾ ಮಾಯದ ಹುಣ್ಣು ಕಂಡರೆ ಮಾತ್ರ ತಡ ಮಾಡದೆ ತೋರಿಸಿ.

ಪ್ರಶ್ನೆ: ನನಗೆ 29 ವರ್ಷ, ಮದುವೆಯಾಗಿ ಎರಡು ವರ್ಷ. ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಮನೆಯಿಂದಲೇ ಆಫೀಸ್ ಕೆಲಸ, ರಾತ್ರಿ ಗೇಮ್. ಎರಡಕ್ಕೂ ಲ್ಯಾಪ್‌ಟಾಪ್ ತೊಡೆಯ ಮೇಲೆಯೇ. ಅಡಿಗೆ ದಿಂಬು ಇಟ್ಟುಕೊಂಡರೆ ಸಾಕೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ದಿಂಬು ಸಾಲದು. ವೀರ್ಯಾಣು ಸರಿಯಾಗಿ ಬೆಳೆಯಲು ವೃಷಣಗಳು ದೇಹದ ಉಷ್ಣತೆಗಿಂತ 2ರಿಂದ 4 ಡಿಗ್ರಿ ತಂಪಾಗಿರಬೇಕು. ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ವೈದ್ಯರು 2005ರಲ್ಲಿ 29 ಆರೋಗ್ಯವಂತ ಯುವಕರನ್ನು ಲ್ಯಾಪ್‌ಟಾಪಿನೊಂದಿಗೆ ಒಂದು ಗಂಟೆ ಕೂರಿಸಿ ಅಳೆದರು. ವೃಷಣಚೀಲದ ಉಷ್ಣತೆ ಎರಡೂವರೆ ಡಿಗ್ರಿಗಿಂತ ಹೆಚ್ಚು ಏರಿತ್ತು. ಏರಿಕೆಯ ಒಂದು ಪಾಲು ಯಂತ್ರದ್ದು, ಇನ್ನೊಂದು ಪಾಲು ಅದು ಜಾರದಂತೆ ತೊಡೆಗಳನ್ನು ಒತ್ತಿ ಕೂರುವ ಭಂಗಿಯದು. 2011ರಲ್ಲಿ ಅದೇ ತಂಡ ಅಡಿಗೆ ಪ್ಯಾಡ್ ಇಡಿಸಿ ನೋಡಿತು. ತೊಡೆ ಜೋಡಿಸಿ ಕೂತವರಲ್ಲಿ 11 ನಿಮಿಷಕ್ಕೆ ಒಂದು ಡಿಗ್ರಿ ಏರಿದ್ದರೆ, ಪ್ಯಾಡ್ ಇಟ್ಟವರಲ್ಲಿ 14 ನಿಮಿಷಕ್ಕೆ ಏರಿತು. ಕಾಲಗಲಿಸಿ, ಪ್ಯಾಡ್ ಇಟ್ಟು ಕೂತರೂ ಅದು 28 ನಿಮಿಷದ ಮಾತು. ಅಷ್ಟು ಬಿಸಿಯೇರಿದ್ದು ಕೂತವರಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ ಎನ್ನುವುದನ್ನು ಗಮನಿಸಿ.

ಈ ಅಧ್ಯಯನಗಳು ಅಳೆದದ್ದು ಉಷ್ಣತೆಯನ್ನು. ಲ್ಯಾಪ್‌ಟಾಪಿನಿಂದ ಬಂಜೆತನ ಬರುತ್ತದೆಂದು ಅವು ಸಾಧಿಸಿಲ್ಲ. ಹಾಗೆಂದು ಮಗುವಿಗಾಗಿ ಕಾಯುತ್ತಿರುವವರು ಸುಮ್ಮನೆ ಅಪಾಯ ಮೈಮೇಲೆ ಎಳೆದುಕೊಳ್ಳಬಾರದು. ಒಂದು ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಇವತ್ತು ಮೇಜಿಗೆ ಬದಲಾದರೆ ಅದರ ಫಲ ಮೂರು ತಿಂಗಳ ನಂತರ ತಿಳಿದೀತು. ಬಿಗಿ ಜೀನ್ಸ್, ಬಿಸಿನೀರಿನ ಟಬ್ ಸ್ನಾನ, ಸಿಗರೇಟು ಕೂಡ ಬೇಡ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತಪಾಸಣೆಗೆ ಹೋಗಬೇಕು. ನಿಮಗೆ ಆ ಅವಧಿ ಮೀರಿದೆ. ವೀರ್ಯ ಪರೀಕ್ಷೆ ಸರಳ, ಸಂಕೋಚಪಟ್ಟು ಮುಂದೂಡಬೇಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 15 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಗ ಬಿಟ್ಟುಹೋದ ಗೇಮಿಂಗ್ ಲ್ಯಾಪ್‌ಟಾಪನ್ನು ಕಾಲ ಮೇಲಿಟ್ಟುಕೊಂಡು ಯಕ್ಷಗಾನ ನೋಡುತ್ತೇನೆ. ಮೊನ್ನೆ ಮೊಣಕಾಲಿನ ಮೇಲೆ ನೀರುಗುಳ್ಳೆ ಎದ್ದಿತ್ತು. ಸುಟ್ಟದ್ದು ಗೊತ್ತೇ ಆಗಲಿಲ್ಲ.
— ಶಿರಸಿ

ಉತ್ತರ: ಗೊತ್ತಾಗದೇ ಇದ್ದದ್ದೇ ಆತಂಕದ ವಿಷಯ, ಮೇಷ್ಟ್ರೇ. ಬಹುಕಾಲದ ಮಧುಮೇಹ ಕಾಲಿನ ನರಗಳನ್ನು ಮಂಕಾಗಿಸುತ್ತದೆ. ನೋವಿನ ಎಚ್ಚರಿಕೆ ಮಿದುಳಿಗೆ ಮುಟ್ಟುವುದಿಲ್ಲ. ಚರ್ಮ ಸುಡುವುದು ಬಿಸಿ ಎಷ್ಟು ಎನ್ನುವುದರ ಮೇಲಷ್ಟೇ ನಿಂತಿಲ್ಲ, ಎಷ್ಟು ಹೊತ್ತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು ತೋರಿಸಿದಂತೆ 44 ಡಿಗ್ರಿಯ ಬಿಸಿ ಚರ್ಮವನ್ನು ಸುಡಲು ಸುಮಾರು ಆರು ಗಂಟೆ ಬೇಕು. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಆ ಅವಧಿ ಹೆಚ್ಚುಕಡಿಮೆ ಅರ್ಧರ್ಧ ಇಳಿಯುತ್ತದೆ. ಕಾಲಿನ ಮೇಲಿಟ್ಟ ಯಂತ್ರದ ಗಾಳಿಕಿಂಡಿ ಪಂಚೆಯಿಂದ ಮುಚ್ಚಿದರೆ ತಳ 50 ಡಿಗ್ರಿ ತಲುಪುವುದು ಕಷ್ಟವಲ್ಲ. ನರ ಚೆನ್ನಾಗಿರುವವರು ಆಗ ಕಾಲೆಳೆದುಕೊಳ್ಳುತ್ತಾರೆ. ನಿಮಗೆ ಆ ಸೂಚನೆಯೇ ಸಿಗುವುದಿಲ್ಲ.

ಗುಳ್ಳೆಯನ್ನು ಒಡೆಯಬೇಡಿ. ಅರಿಸಿನ, ತುಪ್ಪ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಸ್ವಚ್ಛ ಬ್ಯಾಂಡೇಜ್ ಸಡಿಲವಾಗಿ ಸುತ್ತಿ ಇವತ್ತೇ ವೈದ್ಯರನ್ನು ಕಾಣಿ; ಮಧುಮೇಹಿಗಳ ಗಾಯ ನಿಧಾನ ಮಾಯುತ್ತದೆ, ಕೀವಾಗುವುದು ಬೇಗ. ಕಾಲಿನ ಸಂವೇದನೆಯ ಪರೀಕ್ಷೆಯನ್ನೂ ಮಾಡಿಸಿ. ಇನ್ನು ಮುಂದೆ ಯಕ್ಷಗಾನ ಮೇಜಿನ ಮೇಲಿರಲಿ, ನೀವು ಕುರ್ಚಿಯಲ್ಲಿರಿ. ಯಾರಿಗೇ ಆಗಲಿ, ಸುಟ್ಟದ್ದು ಆಗಲೇ ತಿಳಿದರೆ 20 ನಿಮಿಷ ನಲ್ಲಿಯ ತಣ್ಣೀರು ಹರಿಸುವುದೇ ಮೊದಲ ಚಿಕಿತ್ಸೆ. ಐಸ್ ಇಡಬಾರದು.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಗೇಮ್ ಶುರುವಾದ ಹತ್ತೇ ನಿಮಿಷಕ್ಕೆ ಸಿಪಿಯು 97 ಡಿಗ್ರಿ ತೋರಿಸುತ್ತದೆ, ಆಟ ತಡವರಿಸುತ್ತದೆ, ಕೀಬೋರ್ಡ್ ಮೇಲೆ ಬೆರಳಿಡಲಾಗುವುದಿಲ್ಲ. ಒದ್ದೆ ಬಟ್ಟೆ ಹಾಕಿ ತಣಿಸಬಹುದೇ?
— ಕಲಬುರಗಿ

ಉತ್ತರ: ಒದ್ದೆ ಬಟ್ಟೆ, ಐಸ್ ಪ್ಯಾಕ್, ಫ್ರಿಜ್ ಯಾವುದೂ ಬೇಡ. ಒಳಗೆ ನೀರು ಸೇರಿದರೆ, ಹವೆಯ ತೇವ ಹನಿಗಟ್ಟಿದರೆ ಯಂತ್ರವೂ ಹಾಳು, ಕರೆಂಟ್ ಹೊಡೆಯುವ ಭಯವೂ ಇದೆ. ಈ ಪ್ರಶ್ನೆ ಮೆಕ್ಯಾನಿಕ್‌ಗೆ ಸೇರಿದ್ದು ಎನಿಸಬಹುದು. ಆದರೆ ಮೇಲಿನ ಮೂವರ ಪ್ರಶ್ನೆಯ ಬೇರಿರುವುದು ಯಂತ್ರದ ಬಿಸಿಯಲ್ಲೇ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ.

ಮೊದಲು ಗಾಳಿಗೆ ದಾರಿ ಮಾಡಿ. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪುಗಳು ತಳದಿಂದ ಗಾಳಿ ಎಳೆದು ಹಿಂದಿನಿಂದ, ಪಕ್ಕದಿಂದ ಬಿಸಿಗಾಳಿ ಉಗುಳುತ್ತವೆ. ಹಾಸಿಗೆ, ಕಂಬಳಿ, ಮಡಿಲು ಈ ತಳವನ್ನೇ ಮುಚ್ಚುತ್ತವೆ. ಗಟ್ಟಿ ಮೇಜಿನ ಮೇಲಿಟ್ಟು, ಕಿಂಡಿ ಮುಚ್ಚದಂತೆ ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಖರ್ಚಿಲ್ಲದ ಈ ಉಪಾಯದಿಂದಲೇ ಕೆಲವು ಡಿಗ್ರಿ ಇಳಿಯುತ್ತದೆ. ಹಿಂದಿನ ಗೋಡೆಗೂ ಯಂತ್ರಕ್ಕೂ ಒಂದು ಗೇಣು ಅಂತರವಿರಲಿ.

ಎರಡನೆಯದು ದೂಳು. ಫ್ಯಾನಿನಾಚೆ ಶಾಖ ಹೊರಹಾಕುವ ಲೋಹದ ರೆಕ್ಕೆಗಳ ನಡುವೆ ದೂಳು ಕಟ್ಟಿಕೊಂಡರೆ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಹಾಯುವುದಿಲ್ಲ. ಯಂತ್ರವನ್ನು ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಲೋವರ್‌ನಿಂದ ಚಿಕ್ಕ ಚಿಕ್ಕದಾಗಿ ಗಾಳಿ ಬಿಡಿ. ಆ ಹೊತ್ತಿನಲ್ಲಿ ಫ್ಯಾನ್ ಗಿರ್ರನೆ ತಿರುಗಿದರೆ ಬೇರಿಂಗ್ ಕೆಡುತ್ತದೆ, ಅದನ್ನು ಹಿಡಿದಿರಬೇಕು. ಬಾಯಿಂದ ಊದಬೇಡಿ, ಎಂಜಲ ತೇವ ಒಳಹೋಗುತ್ತದೆ. ನಿಮಗೆ ಅಸ್ತಮಾ ಅಥವಾ ದೂಳಿನ ಅಲರ್ಜಿ ಇದ್ದರೆ ಮಾಸ್ಕ್ ಹಾಕಿಕೊಂಡು ಹೊರಗೆ ಮಾಡಿ.

ಮೂರನೆಯದು, ಶಾಖ ಹುಟ್ಟುವುದನ್ನೇ ತಗ್ಗಿಸುವುದು. ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ, ನೆರಳು, ಪ್ರತಿಫಲನದಂಥ ಗ್ರಾಫಿಕ್ಸ್ ಸೆಟ್ಟಿಂಗುಗಳನ್ನು ಇಳಿಸಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ. 100ರಿಂದ 99ಕ್ಕೆ ತಂದರೆ ಅನೇಕ ಯಂತ್ರಗಳಲ್ಲಿ ಟರ್ಬೊ ವೇಗ ನಿಂತು, ಬಿಸಿ ಗಣನೀಯವಾಗಿ ಇಳಿಯುತ್ತದೆ. ಕೂಲಿಂಗ್ ಪ್ಯಾಡ್ ಸಹಾಯಕ ಮಾತ್ರ. ಒಳಗೆ ದೂಳು ಕಟ್ಟಿದ್ದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಇಷ್ಟಾದರೂ ಬಿಸಿ ಇಳಿಯದಿದ್ದರೆ, ಯಂತ್ರ ಎರಡು ಮೂರು ವರ್ಷ ಹಳೆಯದಾಗಿದ್ದರೆ, ಚಿಪ್ಪಿಗೂ ತಾಮ್ರದ ಕೊಳವೆಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಬದಲಿಸುವುದನ್ನು ಸರ್ವಿಸ್ ಸೆಂಟರಿಗೆ ಬಿಡಿ. ಕೆಲವು ಯಂತ್ರಗಳಲ್ಲಿ ಪೇಸ್ಟಿನ ಬದಲು ದ್ರವಲೋಹ ಇರುತ್ತದೆ. ಚೆಲ್ಲಿದರೆ ಮದರ್‌ಬೋರ್ಡ್ ಸುಟ್ಟುಹೋಗಬಹುದು.

ಕೋಣೆ ಬಿಸಿಯಾದಷ್ಟೂ ಯಂತ್ರದ ಒಳಗೂ ಬಿಸಿ ಏರುತ್ತದೆ. ಕಲಬುರಗಿಯ ಮಧ್ಯಾಹ್ನದ ಆಟವನ್ನು ಬೆಳಗಿನ ತಂಪಿಗೆ ಬದಲಿಸಿ. ಬೇರೆ ಕೀಬೋರ್ಡ್, ಮೌಸ್ ಜೋಡಿಸಿದರೆ ಬೆರಳು, ಅಂಗೈ ಬಿಸಿಯಿಂದ ದೂರವಾಗುತ್ತವೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಿಮ್ಮ ಮೈಯೂ ಬೆವರಿ ನೀರು ಕಳೆದುಕೊಳ್ಳುತ್ತದೆ. ಕಿಟಕಿ ತೆರೆಯಿರಿ, ಗಂಟೆಗೊಮ್ಮೆ ಎದ್ದು ನೀರು ಕುಡಿಯಿರಿ. ತಲೆ ಸುತ್ತಿ, ವಾಕರಿಕೆ ಬಂದರೆ ಅಲ್ಲಿಗೇ ಆಟ ನಿಲ್ಲಲಿ.

ಪ್ರಶ್ನೆ: ತಂಗಿಯ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆದ್ದಿದೆ, ತಳ ಉಬ್ಬಿದೆ. ಕೆಲಸವೇನೋ ಮಾಡುತ್ತಿದೆ. ಅಪಾಯವಾ?
— ಮಂಗಳೂರು

ಉತ್ತರ: ಹೌದು, ಅಪಾಯ. ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿರುವ ಲಕ್ಷಣವಿದು. ಬಹುಕಾಲ ಬಿಸಿಯಲ್ಲೇ ಇದ್ದ, ಸದಾ ಚಾರ್ಜಿಗೆ ಹಾಕಿಟ್ಟ ಬ್ಯಾಟರಿ ಬೇಗ ಹಳತಾಗಿ ಒಳಗೆ ಅನಿಲ ತುಂಬಿಕೊಳ್ಳುತ್ತದೆ. ಈಗಲೇ ಆಫ್ ಮಾಡಿ, ಚಾರ್ಜರ್ ಕೀಳಿ, ಮತ್ತೆ ಹಾಕಬೇಡಿ. ಉಬ್ಬನ್ನು ಒತ್ತಬೇಡಿ, ಚುಚ್ಚಬೇಡಿ. ಹಾಸಿಗೆ, ಪರದೆಗಳಿಂದ ದೂರ ಕಲ್ಲು ನೆಲದ ಮೇಲಿಟ್ಟು, ಬೇಗನೆ ಸರ್ವಿಸ್ ಸೆಂಟರಿಗೆ ತಿಳಿಸಿ. ಹಳೆ ಬ್ಯಾಟರಿ ಕಸದ ಬುಟ್ಟಿಗೆ ಹೋಗಬಾರದು, ಇ-ತ್ಯಾಜ್ಯ ಸಂಗ್ರಹಕ್ಕೆ ಹೋಗಬೇಕು. ಹೊಗೆ ಎದ್ದರೆ ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ. ಉಸಿರಾಡಿದವರು ಆ ಕ್ಷಣಕ್ಕೆ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಶ್ವಾಸಕೋಶದ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಸದಾ ಪ್ಲಗ್ಗಿನಲ್ಲೇ ಬಳಸುವುದಾದರೆ ಚಾರ್ಜಿಂಗ್ ಮಿತಿಯನ್ನು ಶೇ. 80ಕ್ಕೆ ಇಡಿ. ನಿದ್ರಾಸ್ಥಿತಿಯಲ್ಲಿರುವ ಯಂತ್ರವನ್ನು ಹಾಗೇ ಬ್ಯಾಗಿಗೆ ತುರುಕಬೇಡಿ.

ಪ್ರಶ್ನೆ: ಫ್ಯಾನಿನ ಸದ್ದು ಜೋರು ಎಂದು ಮಗ ಹೆಡ್‌ಫೋನ್ ಸೌಂಡ್ ಏರಿಸುತ್ತಾನೆ. ಕಿವಿಯಲ್ಲಿ ಗುಂಯ್ ಎನ್ನುತ್ತದಂತೆ. ಊಟಕ್ಕೆ ಕರೆದರೂ ಏಳುವುದಿಲ್ಲ.
— ತಂದೆ, ತುಮಕೂರು

ಉತ್ತರ: ಬಿಸಿಯಿಂದ ಫ್ಯಾನ್, ಫ್ಯಾನಿನಿಂದ ಹೆಡ್‌ಫೋನಿನ ಸದ್ದು, ಅದರಿಂದ ಕಿವಿಗೆ ಪೆಟ್ಟು. ಯಂತ್ರ ತಂಪಾದರೆ ಫ್ಯಾನಿನ ಸದ್ದು ತಾನಾಗಿ ಇಳಿಯುತ್ತದೆ. ಕಲಬುರಗಿಯವರಿಗೆ ಹೇಳಿದ್ದನ್ನು ನೀವೂ ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಮಿತಿ. ಮಕ್ಕಳಿಗೆ 75 ಡೆಸಿಬಲ್. ಗುಂಯ್‌ಗುಡುವಿಕೆ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಊಟ, ನಿದ್ದೆ, ಓದು ಎಲ್ಲವನ್ನೂ ಆಟವೇ ನುಂಗುತ್ತಿದ್ದರೆ ಬೈದು ಫಲವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ಉಚಿತ ಸಲಹೆ ಸಿಗುತ್ತದೆ.

ತಡ ಮಾಡದೆ ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಬಿಸಿ ತಾಗಿದ ಜಾಗದಲ್ಲಿ ನೀರುಗುಳ್ಳೆ ಎದ್ದಾಗ. ಚರ್ಮ ಬಿಳಿಚಿ, ಮುಟ್ಟಿದರೂ ಗೊತ್ತಾಗದಿದ್ದಾಗ. ಕಲೆಯ ಮೇಲೆ ಹುಣ್ಣಾಗಿ ಮಾಯದಿದ್ದಾಗ. ಬ್ಯಾಟರಿಯ ಹೊಗೆ ಉಸಿರಾಡಿದಾಗ. ಮಧುಮೇಹ ಇರುವವರಿಗೆ ಕಾಲಿನ ಮೇಲೆ ಎಷ್ಟೇ ಚಿಕ್ಕ ಸುಟ್ಟಗಾಯ ಆದಾಗ. ಉಳಿದಂತೆ ಈ ತೊಂದರೆಗಳನ್ನು ತಡೆಯುವ ಮದ್ದು ಮನೆಯಲ್ಲೇ ಇದೆ, ಒಂದು ಗಟ್ಟಿ ಮೇಜು. ಮಕ್ಕಳ ಕೈಗೆ ಲ್ಯಾಪ್‌ಟಾಪ್ ಕೊಡುವ ಮೊದಲು ಅವರಿಗೆ ಕೂರಲು ಮೇಜು, ಕುರ್ಚಿ ಹೊಂದಿಸಿಕೊಡಿ.